ನಾಲ್ಕು ಜನ ಏನಂದಾರು?

ಆಸ್ಪತ್ರೆಯಲ್ಲಿ ರೋಗಿಯ ಜೊತೆ ರಾತ್ರಿ ಕಳೆದವರಿಗೆಲ್ಲ ಇದು ಗೊತ್ತಿರುವ ಸಂಗತಿ. ರಾತ್ರಿಯೆಲ್ಲ ನರಳಿ, ಹೊರಳಾಡಿ, ಬೆಳಗಿನ ಜಾವದಲ್ಲಿ ರೋಗಿಗೆ ಹೇಗೋ ಕಣ್ಣು ಹತ್ತಿರುತ್ತದೆ. ಐದು ಗಂಟೆಯಾಯಿತೋ ಇಲ್ಲವೋ, ವಾರ್ಡಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಜ್ವರ ನೋಡುವವರು ಒಬ್ಬರು, ಹಾಸಿಗೆ ಬಟ್ಟೆ ಬದಲಿಸುವವರು ಇನ್ನೊಬ್ಬರು, ಫಿನಾಯಿಲ್ ಹಾಕಿ ನೆಲ ಒರೆಸುವವರು ಮತ್ತೊಬ್ಬರು. ಏಳು ಗಂಟೆಗೆ ತಿಂಡಿ. ಹಸಿವಿದೆಯೇ ಇಲ್ಲವೇ ಎಂದು ಕೇಳುವವರಿಲ್ಲ. ಕೆಲಸದ ಪಾಳಿ ಬದಲಾಗುವ ಮೊದಲು ಎಲ್ಲವೂ ಮುಗಿದಿರಬೇಕು, ಅಷ್ಟೆ. ನಮ್ಮ ತಂದೆಯವರು ಹೀಗೆ ಮಲಗಿದ್ದಾಗ ಒಂದು ದಿನ ಕೇಳಿಯೇ ಬಿಟ್ಟರು: ‘ನಿದ್ದೆ ಬಂದಿದ್ದವನನ್ನು ಎಬ್ಬಿಸಿ, ನಿದ್ದೆ ಬಂತೇ ಎಂದು ಕೇಳುತ್ತಾರಲ್ಲಪ್ಪ, ಇದು ಯಾವ ವೈದ್ಯಶಾಸ್ತ್ರ?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ಕಾಲದ ನಂತರ ಒಂದು ಹಳೆಯ ಕಪ್ಪು-ಬಿಳುಪು ಹಾಲಿವುಡ್ ಚಿತ್ರ ನೋಡುವಾಗ ತಂದೆಯವರ ಮಾತು ನೆನಪಾಯಿತು. ಅದರಲ್ಲಿ ಒಬ್ಬ ಡಾಕ್ಟರು ಬರುತ್ತಾನೆ. ಅವನದೇ ಒಂದು ಆಸ್ಪತ್ರೆ. ಅಲ್ಲಿ ರೋಗಿಯ ನಿದ್ದೆ, ಊಟ, ಮಾತು ಎಲ್ಲವೂ ರೋಗಿಗೆ ಅನುಕೂಲವಾದ ಹಾಗೆ, ಸಿಬ್ಬಂದಿಗೆ ಅನುಕೂಲವಾದ ಹಾಗಲ್ಲ. ಸಾಯುವ ದಿನ ಎಣಿಸುತ್ತಿರುವ ಮುದುಕಿಯೊಬ್ಬಳ ಪಕ್ಕದಲ್ಲಿ ನಿಂತು ಸಾವಿನ ಬಗ್ಗೆಯೇ ತಮಾಷೆ ಮಾಡಿ ಅವಳನ್ನು ನಗಿಸುತ್ತಾನೆ. ತೀರ ಮುದುಕಿಯಾಗುವುದು ಸುಖದ ಸಂಗತಿಯಲ್ಲ ಎಂದು ಅವಳೆಂದರೆ, ಮುದುಕಿಯಾಗುವಷ್ಟು ಬದುಕದೇ ಇರುವುದು ಇನ್ನೂ ಕಡಿಮೆ ಸುಖ ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತಾನೆ.

ಚಿತ್ರದ ಹೆಸರು ‘ಪೀಪಲ್ ವಿಲ್ ಟಾಕ್’. 1951ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಬಿಡುಗಡೆ ಮಾಡಿದ್ದು. ಈ ಹೆಸರನ್ನು ಕನ್ನಡಕ್ಕೆ ತರಲು ನಿಘಂಟು ಬೇಡ. ನಮ್ಮ ಮನೆಗಳಲ್ಲಿ ದಿನ ಬೆಳಗಾದರೆ ಕೇಳಿಬರುವ ಮಾತೇ ಅದು: ನಾಲ್ಕು ಜನ ಏನಂದಾರು?

ಪ್ರೇಮವಿದೆ, ನಗುವಿದೆ, ಆಸ್ಪತ್ರೆಯಿದೆ. ಕ್ಯಾರಿ ಗ್ರಾಂಟ್‌ನಂಥ ಸುಂದರಾಂಗ ನಾಯಕನಿದ್ದಾನೆ. ಆದರೂ ಇವತ್ತು ಹಾಲಿವುಡ್ಡಿನ ಶ್ರೇಷ್ಠ ಹಾಸ್ಯಚಿತ್ರಗಳ ಪಟ್ಟಿ ಮಾಡಲು ಕುಳಿತವರಿಗೆ ಇದು ಥಟ್ಟನೆ ನೆನಪಾಗುವುದಿಲ್ಲ. ಬಂದ ವರ್ಷದಲ್ಲೂ ಆಸ್ಕರ್ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿರುವ ಮಕ್ಕಳು, ಅದರಲ್ಲೂ ಡಾಕ್ಟರಾಗಬೇಕೆಂದು ಹಗಲಿರುಳು ಓದುತ್ತಿರುವವರು ಮತ್ತು ಅವರನ್ನು ಓದಿಸುತ್ತಿರುವ ತಂದೆ ತಾಯಂದಿರು ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವಿದು. ನೋಡಿದ ಮೇಲೆ ಅವರಲ್ಲಿ ಒಂದಿಷ್ಟು ವಾದವೂ ನಡೆದೀತು. ನಡೆಯಲಿ.

ಒಂದು ಪಾಠ, ಒಂದು ಮೂರ್ಛೆ

ವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಪ್ರೊಫೆಸರ್ ಎಲ್‌ವೆಲ್. ಕುಳ್ಳ ಮನುಷ್ಯ, ಮುಖದಲ್ಲಿ ನಗುವಿಲ್ಲ. ಪಾತ್ರ ಮಾಡಿದವನು ಹ್ಯೂಮ್ ಕ್ರೋನಿನ್. ಚಿತ್ರ ಶುರುವಾಗುವುದೇ ಇವನ ಕೋಣೆಯಲ್ಲಿ. ಡಾಕ್ಟರ್ ನೋವಾ ಪ್ರಿಟೋರಿಯಸ್ ಎಂಬ ಜನಪ್ರಿಯ ಸಹೋದ್ಯೋಗಿಯ ಹಿಂದಿನ ಚರಿತ್ರೆ ಕೆದಕಲು, ಬಹಳ ಹಿಂದೆ ಅವನ ಮನೆಗೆಲಸ ನೋಡಿಕೊಂಡಿದ್ದ ಹೆಂಗಸೊಬ್ಬಳನ್ನು ಕರೆಸಿಕೊಂಡಿದ್ದಾನೆ. (ಈ ಸಣ್ಣ ಪಾತ್ರದಲ್ಲಿರುವವಳು ಮಾರ್ಗರೆಟ್ ಹ್ಯಾಮಿಲ್ಟನ್. 1939ರ ‘ದಿ ವಿಝರ್ಡ್ ಆಫ್ ಓಝ್’ ಚಿತ್ರದಲ್ಲಿ ಹಸಿರು ಮುಖದ ಮಾಟಗಾತಿಯಾಗಿ ಒಂದು ತಲೆಮಾರಿನ ಮಕ್ಕಳನ್ನು ಹೆದರಿಸಿದವಳು.) ಅವಳು ಬಾಯಿ ಬಿಟ್ಟಂತೆಲ್ಲ ಎಲ್‌ವೆಲ್‌ನ ಕಣ್ಣು ಅರಳುತ್ತವೆ. ಪಾಠದ ಗಂಟೆ ಬಾರಿಸಿದ್ದೂ ಅವನಿಗೆ ತಿಳಿಯುವುದಿಲ್ಲ.

ಮೇಷ್ಟ್ರು ಬಾರದ ತರಗತಿಗೆ ಪ್ರಿಟೋರಿಯಸ್ಸೇ ಹೋಗಿ ನಿಲ್ಲುತ್ತಾನೆ. ಮೇಜಿನ ಮೇಲೆ ಹರೆಯದ ಹೆಣ್ಣೊಬ್ಬಳ ಶವ, ಕೆಳಗೆ ಇಳಿಬಿದ್ದಿರುವ ಉದ್ದನೆಯ ಕೂದಲು. ಅವನು ಚಾಕುವಿಗೆ ಕೈ ಹಾಕುವುದಿಲ್ಲ. ಇದು ಒಂದು ಶರೀರ ಮಾತ್ರ, ಇದರಲ್ಲಿದ್ದ ಮನುಷ್ಯಳು ಬೇರೆ, ಆ ಮನುಷ್ಯಳನ್ನು ಈ ಮೇಜಿನ ಮೇಲೆ ನೀವು ಹುಡುಕಲಾರಿರಿ ಎಂಬರ್ಥದಲ್ಲಿ ಮಾತು ಹೋಗುತ್ತದೆ. ಮಾತಾಡುತ್ತ ಆ ಕೂದಲನ್ನು ಮೆಲ್ಲಗೆ ಸರಿಪಡಿಸುತ್ತಾನೆ. ಇವತ್ತು ನಮ್ಮ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷದವರು ಶವದ ಮುಂದೆ ನಿಂತು, ಈ ದೇಹವನ್ನು ಗೌರವದಿಂದ ಕಾಣುತ್ತೇವೆ ಎಂದು ಪ್ರತಿಜ್ಞೆ ಮಾಡುವ ಪದ್ಧತಿ ಇದೆ. ಆ ಪ್ರತಿಜ್ಞೆಯ ಅರ್ಥ ಏನೆಂದು ಯಾರಾದರೂ ಕೇಳಿದರೆ ಈ ಎರಡು ಮೂರು ನಿಮಿಷದ ದೃಶ್ಯ ತೋರಿಸಿದರೆ ಸಾಕು.

ಆ ತರಗತಿಯಲ್ಲಿ ಕುಳಿತಿದ್ದ ಡೆಬೊರಾ ಹಿಗಿನ್ಸ್ ಎಂಬ ಹುಡುಗಿ ಎಚ್ಚರ ತಪ್ಪಿ ಬೀಳುತ್ತಾಳೆ. ಶವ ಕಂಡು ಹೆದರಿದಳೆಂದು ಎಲ್ಲರೂ ತಿಳಿಯುತ್ತಾರೆ. ಪ್ರಿಟೋರಿಯಸ್ ಪರೀಕ್ಷೆ ಮಾಡಿದಾಗ ತಿಳಿಯುವುದೇ ಬೇರೆ. ಅವಳು ಗರ್ಭಿಣಿ. ಮದುವೆಯಾಗಿಲ್ಲ. ಮಗುವಿನ ತಂದೆ ಸೇನೆಯ ಮೀಸಲು ಪಡೆಯವನು. ಕೊರಿಯಾ ಯುದ್ಧಕ್ಕೆ ಕರೆ ಬಂದು ಹೋದವನು ತಿರುಗಿ ಬರಲಿಲ್ಲ.

ಇದು ಹಾಸ್ಯಚಿತ್ರವೇ ಎಂದು ನೀವು ಕೇಳಬಹುದು. ನಾನೂ ಮೊದಲ ಸಲ ನೋಡಿದಾಗ ಹಾಗೇ ಅಂದುಕೊಂಡೆ. ಅಮೆರಿಕದ ಚಿತ್ರರಂಗದಲ್ಲಿ 1934ರಿಂದ ಸ್ವಯಂ ಸೆನ್ಸಾರಿನ ನಿಯಮಾವಳಿಯೊಂದು ಬಿಗಿಯಾಗಿ ಜಾರಿಯಲ್ಲಿತ್ತು. ಮದುವೆಯ ಕಟ್ಟು ಮೀರಿದ ಹೆಣ್ಣಿಗೆ ಕಥೆಯಲ್ಲಿ ಯಾವುದಾದರೊಂದು ಶಿಕ್ಷೆ ಆಗಲೇಬೇಕು. ಇಲ್ಲವಾದರೆ ಕತ್ತರಿ. ಅಂಥ ಕಾಲದಲ್ಲಿ ಇಂಥ ಹುಡುಗಿಯನ್ನು ನಾಯಕಿಯಾಗಿ ಮಾಡಿ, ಅವಳ ಕಡೆಗೆ ಒಂದು ಬಿರುಸು ಮಾತನ್ನೂ ತಿರುಗಿಸದೆ, ಪ್ರೇಕ್ಷಕರನ್ನು ನಗಿಸುತ್ತ ಕಥೆ ಹೇಳಿದ್ದು ಸಣ್ಣ ಧೈರ್ಯವಲ್ಲ.

ಡೆಬೊರಾ ಯಾರಿಗೆ ಹೆದರುತ್ತಾಳೆ?

ಊರಿಗೆ ಹೆದರುತ್ತಾಳೆ ಎನ್ನುತ್ತೀರಿ. ಅಷ್ಟು ಸುಲಭವಲ್ಲ. ಅವಳಿಗೆ ತಾಯಿಯಿಲ್ಲ. ತಂದೆ ಆರ್ಥರ್ ಹಿಗಿನ್ಸ್ ಒಳ್ಳೆಯವನು, ಓದಿಕೊಂಡವನು, ಮೃದು. ಆದರೆ ಜೀವನದಲ್ಲಿ ಹಿಡಿದ ಯಾವ ಕೆಲಸವೂ ಅವನ ಕೈಹಿಡಿಯಲಿಲ್ಲ. ಜಿಪುಣ ಅಣ್ಣನ ಹೊಲದ ಮನೆಯಲ್ಲಿ ಹಂಗಿನ ಅನ್ನ ತಿಂದು ಬದುಕುತ್ತಿದ್ದಾನೆ. ಅವನ ಪಾಲಿಗೆ ಇಡೀ ಜಗತ್ತಿನಲ್ಲಿ ಹೆಮ್ಮೆಪಡಲು ಇರುವುದು ಒಬ್ಬಳೇ ಮಗಳು. ವಿಷಯ ತಿಳಿದರೆ ತಂದೆ ತನ್ನನ್ನು ಹೊರಗೆ ಹಾಕುತ್ತಾನೆ ಎಂಬ ಭಯ ಅವಳಿಗಿಲ್ಲ. ತನ್ನನ್ನು ಕಟ್ಟಿಕೊಂಡು ಆ ಮನೆ ಬಿಟ್ಟು ಹೊರಟೇಬಿಡುತ್ತಾನಲ್ಲ, ಆಮೇಲೆ ಅವನ ಗತಿಯೇನು ಎಂಬುದೇ ಅವಳ ಚಿಂತೆ.

ಮಕ್ಕಳು ತಂದೆ ತಾಯಿಯಿಂದ ಮುಚ್ಚಿಡುವುದೆಲ್ಲ ಏಟಿಗೆ ಹೆದರಿಯೇ ಎಂದು ನಾವು ತಿಳಿಯುತ್ತೇವೆ. ಫಲಿತಾಂಶದ ದಿನ ಮನೆಗೆ ಬಾರದ ಹುಡುಗನ ತಂದೆ, ‘ನಾನೇನು ಅವನಿಗೆ ಒಂದು ಮಾತೂ ಅಂದಿರಲಿಲ್ಲವಲ್ಲ’ ಎಂದು ಗೋಳಾಡುವುದನ್ನು ನೋಡಿದ್ದೇವೆ. ಆ ತಂದೆ ಸುಳ್ಳು ಹೇಳುತ್ತಿಲ್ಲ. ಬೈಯದೇ ಇದ್ದದ್ದಕ್ಕೇ, ಅಷ್ಟು ನಂಬಿದ್ದಕ್ಕೇ ಆ ಹುಡುಗನಿಗೆ ಮುಖ ತೋರಿಸಲು ಕಷ್ಟವಾಗಿರಬಹುದು. 1951ರ ಈ ಚಿತ್ರಕ್ಕೆ ಅದು ಗೊತ್ತಿದೆ.

ಡಾಕ್ಟರನ ಕೋಣೆಯಿಂದ ಹೊರಬಂದ ಡೆಬೊರಾ ಓಣಿಯಲ್ಲೇ ತನ್ನ ಮೇಲೆ ಗುಂಡು ಹಾರಿಸಿಕೊಳ್ಳುತ್ತಾಳೆ. ಪ್ರಿಟೋರಿಯಸ್ ಶಸ್ತ್ರಚಿಕಿತ್ಸೆ ಮಾಡಿ ಉಳಿಸುತ್ತಾನೆ. ಅವನ ಆಸ್ಪತ್ರೆಯಲ್ಲಿ ಯಾರೂ ಅವಳನ್ನು ತಪ್ಪಿತಸ್ಥಳಂತೆ ಕಾಣುವುದಿಲ್ಲ. ನಮ್ಮಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಬೇಕಾದದ್ದು ಶಿಕ್ಷೆಯಲ್ಲ ಆರೈಕೆ ಎಂದು ಕಾನೂನು ಬಾಯಿಬಿಟ್ಟು ಹೇಳಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಬರಬೇಕಾಯಿತು.

ಆಮೇಲೆ ಅವನು ಮಾಡುವ ಕೆಲಸವೇ ಕಥೆಯ ತಿರುವು. ಪರೀಕ್ಷೆಯ ಫಲಿತಾಂಶ ತಪ್ಪಾಗಿತ್ತು, ನೀನು ಗರ್ಭಿಣಿಯೇ ಅಲ್ಲ ಎಂದು ಅವಳಿಗೆ ಹಸಿ ಸುಳ್ಳು ಹೇಳುತ್ತಾನೆ. ಅವಳು ನೆಮ್ಮದಿಯಾಗಿ ನಿದ್ದೆ ಹೋಗಲಿ, ಗಾಯ ಮಾಯಲಿ, ಉಳಿದದ್ದು ಆಮೇಲೆ ನೋಡೋಣ ಎಂದು ಅವನ ಲೆಕ್ಕ. ಅವಳಿಗೋ ಈಗ ಇನ್ನೊಂದು ಸಂಕಟ: ಈ ಡಾಕ್ಟರನ ಮೇಲೆ ಮನಸ್ಸಾಗಿದೆ, ತನ್ನ ಗುಟ್ಟು ಪೂರ್ತಿ ಬಲ್ಲವನ ಮುಂದೆ ನಿಲ್ಲುವುದು ಹೇಗೆ? ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹೊಲದ ಮನೆಗೆ ಓಡುತ್ತಾಳೆ. ಅವನು ನಿಜ ಹೇಳಿಬಿಡಬೇಕೆಂದು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾನೆ. ಹೋದವನು ನಿಜ ಹೇಳುವುದಿಲ್ಲ, ಮದುವೆಯಾಗುತ್ತಾನೆ. ಮಾವನನ್ನೂ ಜೊತೆಗೇ ಕರೆತಂದು ಮನೆಯಲ್ಲಿಟ್ಟುಕೊಳ್ಳುತ್ತಾನೆ! ಅಳಿಯ, ಮಾವ ಮತ್ತು ಭೌತಶಾಸ್ತ್ರದ ಪ್ರೊಫೆಸರ್ ಬಾರ್ಕರ್ ಮೂವರೂ ನೆಲದ ಮೇಲೆ ಕುಳಿತು ಆಟದ ವಿದ್ಯುತ್ ರೈಲು ಓಡಿಸುತ್ತ, ಯಾರು ಯಾವ ಹಳಿ ಬದಲಿಸಬೇಕಿತ್ತು ಎಂದು ಕಚ್ಚಾಡಿ, ಕೊನೆಗೆ ರೈಲುಗಳು ಡಿಕ್ಕಿ ಹೊಡೆಯುವ ದೃಶ್ಯಕ್ಕೆ ನಗದವರು ಇರಲಾರರು. ಬಾರ್ಕರನಾಗಿ ವಾಲ್ಟರ್ ಸ್ಲೆಜಾಕ್, ಮಾವನಾಗಿ ಸಿಡ್ನಿ ಬ್ಲ್ಯಾಕ್‌ಮರ್.

ಸುಳ್ಳು ಎಷ್ಟು ದಿನ ನಿಲ್ಲುತ್ತದೆ? ಡೆಬೊರಾಗೆ ತನ್ನ ಶರೀರವೇ ಸತ್ಯ ಹೇಳುತ್ತದೆ. ಆಗ ಅವಳು ಕೇಳುವ ಪ್ರಶ್ನೆ ಒಂದೇ. ನನ್ನನ್ನು ಮದುವೆಯಾದದ್ದು ಪ್ರೀತಿಯಿಂದಲೋ, ರೋಗಿಯ ಮೇಲಿನ ಕರುಣೆಯಿಂದಲೋ?

ಇಲ್ಲಿ ನನ್ನದೊಂದು ತಕರಾರು. ಈ ಡಾಕ್ಟರು ಮಾಡಿದ್ದು ಸರಿಯಲ್ಲ. ಅವಳ ದೇಹದ ಬಗೆಗಿನ ನಿಜವನ್ನು ಅವಳಿಂದಲೇ ಮುಚ್ಚಿಟ್ಟ. ತನ್ನ ಚಿಕಿತ್ಸೆಯಲ್ಲಿದ್ದ ಹುಡುಗಿಯನ್ನೇ, ಅವಳು ಇನ್ನೂ ಪೂರ್ತಿ ಚೇತರಿಸಿಕೊಳ್ಳುವ ಮೊದಲು ವರಿಸಿದ. ಇಂದಿನ ವೈದ್ಯ ನೀತಿ ಇವೆರಡನ್ನೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ರೋಗಿಗೆ ನಿಜ ತಿಳಿಯುವ ಹಕ್ಕಿದೆ ಎಂಬುದನ್ನು ಜಗತ್ತು ಬಹಳ ನಿಧಾನವಾಗಿ ಕಲಿತಿದೆ. ‘ರೋಗಿಯ ಒಳ್ಳೆಯದಕ್ಕೇ’ ಎಂಬ ಮಾತಿನ ಮರೆಯಲ್ಲಿ ಎಷ್ಟೋ ಅನ್ಯಾಯಗಳೂ ನಡೆದುಹೋಗಿವೆ. ಚಿತ್ರದ ಬಗ್ಗೆ ಪ್ರೀತಿಯಿದ್ದರೂ ಇಷ್ಟನ್ನು ಹೇಳದೆ ಮುಂದೆ ಹೋಗಲಾರೆ. ಕ್ಯಾರಿ ಗ್ರಾಂಟ್ ನಕ್ಕರೆ ಪ್ರೇಕ್ಷಕರು ಎಲ್ಲವನ್ನೂ ಮನ್ನಿಸುತ್ತಾರೆಂಬುದು ನಿರ್ದೇಶಕನಿಗೆ ಗೊತ್ತಿತ್ತು. ಆದರೆ ಡೆಬೊರಾಳ ಬಾಯಲ್ಲಿ ಆ ಪ್ರಶ್ನೆ ಕೇಳಿಸಿದ್ದಾನಲ್ಲ, ಅಲ್ಲಿಗೆ ಅವನಿಗೂ ಒಂದು ಅನುಮಾನ ಇತ್ತೆಂದೇ ಲೆಕ್ಕ.

ಪದವಿ ಇದ್ದದ್ದೇ ತಪ್ಪಾಯಿತು

ಇನ್ನು ಎಲ್‌ವೆಲ್‌ನ ಕಡೆಗೆ ಬರೋಣ. ಅವನು ಕೆದಕಿ ತೆಗೆದದ್ದಾದರೂ ಏನು?

ವರ್ಷಗಳ ಹಿಂದೆ ಪ್ರಿಟೋರಿಯಸ್ ಗೂಸ್ ಕ್ರೀಕ್ ಎಂಬ ಹಳ್ಳಿಯಲ್ಲಿ ಮಾಂಸದಂಗಡಿ ಇಟ್ಟುಕೊಂಡಿದ್ದ. ಅಂಗಡಿಯ ಮರೆಯಲ್ಲಿ ಜನರ ಕಾಯಿಲೆ ವಾಸಿ ಮಾಡುತ್ತಿದ್ದ. ಆ ಊರವರಿಗೆ ಡಾಕ್ಟರುಗಳೆಂದರೆ ನಂಬಿಕೆಯಿಲ್ಲ, ಪವಾಡ ಮಾಡುವವರೆಂದರೆ ನಂಬಿಕೆ. ಆದ್ದರಿಂದ ತಾನು ಓದಿದ ಡಾಕ್ಟರು ಎಂಬುದನ್ನು ಬಚ್ಚಿಟ್ಟು, ಪವಾಡದವನಂತೆ ನಡೆದುಕೊಂಡ. ಔಷಧಿ ಮಾತ್ರ ಅಸಲಿ ವೈದ್ಯಶಾಸ್ತ್ರದ್ದೇ. ಜನ ಗುಣವಾದರು. ಹೀಗಿರುವಾಗ ಒಂದು ದಿನ ಮನೆಗೆಲಸದವಳ ಕಣ್ಣಿಗೆ ಅವನ ವೈದ್ಯ ಪದವಿಯ ಪತ್ರ ಬಿತ್ತು. ಸುದ್ದಿ ಊರೆಲ್ಲ ಹಬ್ಬಿತು. ಇವನು ನಿಜವಾದ ಡಾಕ್ಟರಂತೆ, ನಮಗೆಲ್ಲ ಮೋಸ ಮಾಡಿದನಂತೆ ಎಂದು ಜನ ತಿರುಗಿಬಿದ್ದರು. ಅವನು ಜೀವ ಉಳಿಸಿಕೊಂಡು ಓಡಿಬರಬೇಕಾಯಿತು.

ನಕಲಿ ಡಾಕ್ಟರನನ್ನು ಊರು ಬಿಟ್ಟು ಓಡಿಸಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಅಸಲಿ ಎಂದು ಗೊತ್ತಾಗಿ ಓಡಿಸಿದ್ದು ಇದೊಂದೇ ಇರಬೇಕು! ವಿಚಾರಣೆಯಲ್ಲಿ ಪ್ರಿಟೋರಿಯಸ್ ಕೊಡುವ ಸಮಾಧಾನದ ತಿರುಳಿಷ್ಟು: ಕಾಯಿಲೆಯನ್ನು ವಾಸಿ ಮಾಡುವುದು ಬೇರೆ, ಕಾಯಿಲೆ ಬಿದ್ದ ಮನುಷ್ಯನನ್ನು ಗೆಲುವಾಗಿ ಮಾಡುವುದು ಬೇರೆ. ಎರಡನೆಯದು ತನ್ನ ಕೆಲಸ ಎಂದುಕೊಂಡವನು ಅವನು.

ಎಲ್‌ವೆಲ್‌ನ ಎರಡನೆಯ ಆರೋಪ ಶಂಡರ್‌ಸನ್ ಎಂಬಾತನದು. ಈ ಶಂಡರ್‌ಸನ್ ಆನೆಯಂಥ ಆಳು, ಮಾತು ಅಪರೂಪ, ಡಾಕ್ಟರನ ಹಿಂದೆ ಸದಾ ನೆರಳಿನ ಹಾಗೆ ಇರುತ್ತಾನೆ. ಯಾರನ್ನೂ ಹತ್ತಿರ ಸೇರಿಸದ ನಾಯಿ ಕೂಡ ಇವನ ಮುಂದೆ ಬಾಲ ಮುದುರಿ ಕೂರುತ್ತದೆ. ಅವನಾರು, ಎಲ್ಲಿಂದ ಬಂದ, ಕೇಳಿದರೆ ಡಾಕ್ಟರು ಹೇಳುವುದಿಲ್ಲ. ಎಲ್‌ವೆಲ್ ಹುಡುಕಿ ತೆಗೆದಿದ್ದಾನೆ: ಶಂಡರ್‌ಸನ್ ಕೊಲೆ ಆರೋಪದಲ್ಲಿ ಶಿಕ್ಷೆಗೊಳಗಾದವನು.

ಗಮನಿಸಿ, ಎಲ್‌ವೆಲ್ ಹೇಳುವುದು ಒಂದೂ ಸುಳ್ಳಲ್ಲ. ಮಾಂಸದಂಗಡಿ ಇದ್ದದ್ದು ನಿಜ, ಪದವಿ ಮುಚ್ಚಿಟ್ಟದ್ದು ನಿಜ, ಶಂಡರ್‌ಸನ್ ಅಪರಾಧಿ ಎನಿಸಿಕೊಂಡದ್ದೂ ನಿಜ. ಸುಳ್ಳು ಹೇಳುವ ಖಳನಾಯಕರು ಸಿನಿಮಾದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬರೀ ನಿಜಗಳನ್ನೇ ಕಲೆಹಾಕಿ, ದಿನಾಂಕ ಹಾಕಿ, ಕಡತ ಕಟ್ಟಿ, ಅದರಿಂದ ಒಬ್ಬ ಮನುಷ್ಯನ ಅನ್ನ ಕೀಳಲು ಹೊರಟ ಖಳ ಅಪರೂಪ. ಕ್ರೋನಿನ್ ಈ ಪಾತ್ರವನ್ನು ಎಲ್ಲೂ ಕಿರುಚದೆ ಮಾಡಿದ್ದಾನೆ. ತಾನು ಸಂಸ್ಥೆಯ ಒಳಿತಿಗಾಗಿಯೇ ಇದನ್ನೆಲ್ಲ ಮಾಡುತ್ತಿದ್ದೇನೆಂದು ಎಲ್‌ವೆಲ್ ಮನಸಾರೆ ನಂಬಿರುವ ಹಾಗಿದೆ.

ಸಹಿ ಹಾಕುತ್ತೀರೋ ಇಲ್ಲವೋ

ಈ ಎಲ್‌ವೆಲ್ ಬರೀ ಕಲ್ಪನೆಯ ಕೂಸಲ್ಲ. ಚಿತ್ರ ಬಂದ ಕಾಲವನ್ನು ಸ್ವಲ್ಪ ನೆನೆಯಬೇಕು. ಅಮೆರಿಕದ ಸಂಸತ್ತಿನ ಸಮಿತಿಯೊಂದು 1947ರಲ್ಲೇ ಹಾಲಿವುಡ್ಡಿನ ಮಂದಿಯನ್ನು ಕರೆದು, ನೀವು ಕಮ್ಯುನಿಸ್ಟರೇ, ಹಿಂದೆ ಯಾವತ್ತಾದರೂ ಆಗಿದ್ದಿರೇ ಎಂದು ಕೇಳಲು ತೊಡಗಿತ್ತು. 1950ರ ಫೆಬ್ರವರಿಯಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ, ಸರಕಾರದೊಳಗೇ ಕಮ್ಯುನಿಸ್ಟರಿದ್ದಾರೆ, ಅವರ ಪಟ್ಟಿ ನನ್ನ ಕೈಯಲ್ಲಿದೆ ಎಂದು ಭಾಷಣ ಮಾಡಿ ದೇಶವನ್ನೆಲ್ಲ ನಡುಗಿಸಿದ. ಯಾರೋ ಎಂದೋ ಹೋಗಿದ್ದ ಸಭೆ, ಸಹಿ ಹಾಕಿದ್ದ ಅರ್ಜಿ, ಕೊಟ್ಟಿದ್ದ ಚಂದಾ ಎಲ್ಲವೂ ಕಡತ ಸೇರಿದವು. ಎಷ್ಟೋ ಜನ ಕೆಲಸ ಕಳೆದುಕೊಂಡರು.

ಚಿತ್ರ ಬರೆದು ನಿರ್ದೇಶಿಸಿದ ಜೋಸೆಫ್ ಮ್ಯಾಂಕಿವಿಚ್ ಆಗ ಖ್ಯಾತಿಯ ತುದಿಯಲ್ಲಿದ್ದವನು. ‘ಎ ಲೆಟರ್ ಟು ತ್ರೀ ವೈವ್ಸ್’, ‘ಆಲ್ ಎಬೌಟ್ ಈವ್’ ಚಿತ್ರಗಳಿಗಾಗಿ ಸತತ ಎರಡು ವರ್ಷ, ಎರಡೆರಡು ಆಸ್ಕರ್, ನಿರ್ದೇಶನಕ್ಕೊಂದು, ಚಿತ್ರಕಥೆಗೊಂದು. 1950ರಲ್ಲಿ ಅವನು ಹಾಲಿವುಡ್ ನಿರ್ದೇಶಕರ ಸಂಘದ ಅಧ್ಯಕ್ಷನೂ ಆಗಿದ್ದ. ಅವನು ಯುರೋಪಿನಲ್ಲಿದ್ದಾಗ ಹಿರಿಯ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಮತ್ತು ಗೆಳೆಯರು, ಸಂಘದ ಪ್ರತಿಯೊಬ್ಬ ಸದಸ್ಯನೂ ತಾನು ಕಮ್ಯುನಿಸ್ಟನಲ್ಲ ಎಂದು ನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಲೇಬೇಕೆಂದು ನಿರ್ಣಯ ಮಾಡಿಸಿದರು. ಕಡ್ಡಾಯ ಸಹಿ ಬೇಡ ಎಂದ ಮ್ಯಾಂಕಿವಿಚ್‌ನನ್ನೇ ಕೆಳಗಿಳಿಸಲು ಮತಪತ್ರಗಳು ಹೊರಟವು. 1950ರ ಅಕ್ಟೋಬರ್ 22ರ ರಾತ್ರಿ ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಸೇರಿದ ಸಂಘದ ಸಭೆ ಮಧ್ಯರಾತ್ರಿ ಮೀರಿಯೂ ನಡೆಯಿತು. ಕೌಬಾಯ್ ಚಿತ್ರಗಳ ದಿಗ್ಗಜ ಜಾನ್ ಫೋರ್ಡ್ ಎದ್ದು ನಿಂತು ಡಿಮಿಲ್‌ಗೆ ವಿರುದ್ಧವಾಗಿ ಮಾತನಾಡಿದ. ಕಡೆಗೆ ರಾಜೀನಾಮೆ ಕೊಡಬೇಕಾಗಿ ಬಂದದ್ದು ಡಿಮಿಲ್ ಮತ್ತು ಆಡಳಿತ ಮಂಡಳಿಗೆ. ಮ್ಯಾಂಕಿವಿಚ್ ಉಳಿದುಕೊಂಡ. ಆದರೆ ಇಡೀ ಕಥೆ ಹೇಳುವುದಾದರೆ ಇದನ್ನೂ ಹೇಳಬೇಕು. ಗೆದ್ದ ಕೆಲವೇ ದಿನಗಳಲ್ಲಿ ಅವನೇ ಸದಸ್ಯರಿಗೆ ಪತ್ರ ಬರೆದು, ಸ್ವಂತ ಇಚ್ಛೆಯಿಂದ ಸಹಿ ಹಾಕಿ ಎಂದು ಕೇಳಿಕೊಂಡ. ಭಯದ ಕಾಲದಲ್ಲಿ ಗೆದ್ದವರೂ ಪೂರ್ತಿ ಗೆಲ್ಲುವುದಿಲ್ಲ.

ಆ ರಾತ್ರಿ ಕಳೆದು ಒಂದು ವರ್ಷವಾಗುವ ಮೊದಲೇ ತೆರೆಗೆ ಬಂದ ಚಿತ್ರವಿದು. ವಿಚಾರಣೆಯ ಕೋಣೆ, ಮೇಜಿನ ಮೇಲೆ ಕಡತ, ‘ಈ ಮನುಷ್ಯ ಯಾರೆಂದು ಹೇಳುತ್ತೀರೋ ಇಲ್ಲವೋ’ ಎಂಬ ಒತ್ತಾಯ, ಹೇಳಲಾರೆ ಎಂಬ ಡಾಕ್ಟರನ ಮೌನ. ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಸರು ಹೇಳು ಎಂದಾಗ ಹೇಳದೇ ಇರುವುದು ಆಗ ಬಹಳ ದುಬಾರಿಯ ಕೆಲಸವಾಗಿತ್ತು.

ಮೂಲ ಕಥೆ ಮಾತ್ರ ಅಮೆರಿಕದ್ದಲ್ಲ. ಕುರ್ಟ್ ಗೋಟ್ಸ್ ಎಂಬ ಜರ್ಮನ್-ಸ್ವಿಸ್ ನಾಟಕಕಾರ 1930ರ ದಶಕದ ಮೊದಲಲ್ಲಿ ಬರೆದ ‘ಡಾಕ್ಟರ್ ಹಿಯೋಬ್ ಪ್ರೆಟೋರಿಯಸ್’ ನಾಟಕ ಇದರ ಬೇರು. ಅಲ್ಲಿನ ಡಾಕ್ಟರನಿಗೆ ಇನ್ನೊಂದು ಹುಚ್ಚು. ಮನುಷ್ಯನ ಮೂರ್ಖತನಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿಯಬೇಕೆಂದು! ಹಿಟ್ಲರನ ಕಾಲದಲ್ಲಿ ಗೋಟ್ಸ್ ಅಮೆರಿಕಕ್ಕೆ ಬಂದು, ಕೆಲಕಾಲ ಕೋಳಿ ಸಾಕಿಕೊಂಡೂ ಇದ್ದ. ಯುದ್ಧ ಮುಗಿದ ಮೇಲೆ ಯುರೋಪಿಗೆ ಮರಳಿ 1950ರಲ್ಲಿ ತಾನೇ ನಾಯಕನಾಗಿ ಜರ್ಮನ್ ಭಾಷೆಯಲ್ಲಿ ಇದನ್ನು ಚಿತ್ರ ಮಾಡಿದ. 1965ರಲ್ಲಿ ಮತ್ತೊಮ್ಮೆ ಜರ್ಮನ್ನಲ್ಲೇ ಬಂತು. ಜರ್ಮನರು ಮರೆಯದ ಕಥೆಯನ್ನು ಅಮೆರಿಕದವರು ಮರೆತರು.

ತಾರಾಗಣದ ಬಗ್ಗೆ ಒಂದು ತಮಾಷೆ. ಡೆಬೊರಾಳ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವಳು ‘ಆಲ್ ಎಬೌಟ್ ಈವ್’ ಖ್ಯಾತಿಯ ಆ್ಯನ್ ಬ್ಯಾಕ್ಸ್‌ಟರ್. ಗರ್ಭಿಣಿಯ ಪಾತ್ರ ಮಾಡಬೇಕಿದ್ದವಳು ನಿಜವಾಗಿಯೂ ಗರ್ಭಿಣಿಯಾದ್ದರಿಂದ ಪಾತ್ರ ಬಿಡಬೇಕಾಯಿತು. ಅವಳ ಜಾಗಕ್ಕೆ ಬಂದವಳು ಜೀನ್ ಕ್ರೇನ್. ಅವಳ ಅಭಿನಯ ಸ್ವಲ್ಪ ಸಪ್ಪೆ ಎನ್ನುವವರಿದ್ದಾರೆ. ಆ ಶಾಂತ ಮುಖವೇ ಈ ಪಾತ್ರಕ್ಕೆ ಸರಿ ಎಂದು ನನಗನಿಸುತ್ತದೆ. ಎಲ್ಲವನ್ನೂ ನುಂಗಿಕೊಂಡು ಮನೆಯವರ ಮುಂದೆ ನಗುವ ಹುಡುಗಿಯರು ಹಾಗೇ ಇರುತ್ತಾರೆ. ಕ್ಯಾರಿ ಗ್ರಾಂಟ್‌ಗೆ ಆಗ 47 ವರ್ಷ. ‘ಬ್ರಿಂಗಿಂಗ್ ಅಪ್ ಬೇಬಿ’, ‘ಹಿಸ್ ಗರ್ಲ್ ಫ್ರೈಡೇ’ ಚಿತ್ರಗಳಲ್ಲಿ ಓಡಿ, ಬಿದ್ದು, ಬಡಬಡ ಮಾತಾಡಿ ನಗಿಸಿದವನು ಇಲ್ಲಿ ನಿಂತಲ್ಲೇ ನಿಂತು ಮೆಲ್ಲಗೆ ಮಾತಾಡುತ್ತಾನೆ. ಅಂಥ ಗ್ರಾಂಟ್‌ನನ್ನು ಬಯಸಿ ಬಂದವರಿಗೆ ನಿರಾಸೆ ಆಗಿದ್ದರೆ ಆಶ್ಚರ್ಯವಿಲ್ಲ. ಮಾತು ಹೆಚ್ಚು, ಓಟ ಕಡಿಮೆ. ಮಧ್ಯದಲ್ಲಿ ಒಂದೆರಡು ಕಡೆ ಚಿತ್ರ ಎಳೆದಂತಾಗುವುದೂ ಹೌದು. ನಗಬೇಕೋ ಅಳಬೇಕೋ, ಇದು ಪ್ರೇಮಕಥೆಯೋ ರಾಜಕೀಯವೋ ಎಂದು ತಿಳಿಯದ ಚಿತ್ರಗಳಿಗೆ ಜಾಹೀರಾತು ಬರೆಯುವುದೂ ಕಷ್ಟ, ನೆನಪಿನಲ್ಲಿ ಒಂದು ಗೂಡು ಹುಡುಕುವುದೂ ಕಷ್ಟ.

ಶಂಡರ್‌ಸನ್ ಬಾಯಿ ಬಿಡುತ್ತಾನೆ

ವಿಚಾರಣೆ ನಡೆಯುವುದು ಕಾಲೇಜಿನ ಸಂಗೀತ ಕಛೇರಿಯ ರಾತ್ರಿ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಕಟ್ಟಿದ ವಾದ್ಯವೃಂದಕ್ಕೆ ಪ್ರಿಟೋರಿಯಸ್ಸೇ ನಿರ್ದೇಶಕ. ಸಭಾಂಗಣ ತುಂಬಿದೆ. ವಾದ್ಯಗಳು ಶ್ರುತಿಗೊಂಡಿವೆ. ಒಳಗಿನ ಕೋಣೆಯಲ್ಲಿ ನಿರ್ದೇಶಕನಿಗೆ ಪ್ರಶ್ನೆಗಳ ಮಳೆ. ಡಾಕ್ಟರು ಹೇಳಲಾರೆನೆಂದ ಕಥೆಯನ್ನು ಶಂಡರ್‌ಸನ್ ತಾನೇ ಬಂದು ಹೇಳುತ್ತಾನೆ. ದನಿ ಏರಿಸುವುದಿಲ್ಲ, ಯಾರೋ ಮೂರನೆಯವನ ಕಥೆ ಹೇಳಿದ ಹಾಗೆ.

ಯೌವನದಲ್ಲಿ ಗೆಳೆಯನೊಬ್ಬನನ್ನು ಕೊಂದನೆಂದು ಅವನಿಗೆ ಶಿಕ್ಷೆಯಾಯಿತು. 15 ವರ್ಷ ಜೈಲಿನಲ್ಲಿ ಕಳೆದು ಹೊರಬಂದ. ಬಂದು ನೋಡಿದರೆ ಸತ್ತವನು ಸತ್ತಿರಲೇ ಇಲ್ಲ! ಒಂದು ಹೋಟೆಲಿನಲ್ಲಿ ಕುಳಿತು ಹಾಯಾಗಿ ಸೂಪು ಕುಡಿಯುತ್ತಿದ್ದಾನೆ. ಆಗ ಶಂಡರ್‌ಸನ್ ಅವನನ್ನು ನಿಜವಾಗಿಯೂ ಕೊಂದ. ಶಿಕ್ಷೆ ಮೊದಲೇ ಅನುಭವಿಸಿ ಆಗಿದೆಯಲ್ಲ ಎಂದು ಇವನ ಲೆಕ್ಕ. ಕಾನೂನಿನ ಲೆಕ್ಕ ಬೇರೆ. ಗಲ್ಲಿಗೆ ಹಾಕಿದರು. ಕಣ್ಣು ಬಿಟ್ಟಾಗ ಒಂದು ಮೇಜಿನ ಮೇಲೆ ಮಲಗಿದ್ದ. ಎದುರಿಗೆ ಒಬ್ಬ ವಿದ್ಯಾರ್ಥಿ ಸಿಗಾರು ಸೇದುತ್ತ ಇವನನ್ನೇ ನೋಡುತ್ತ ಕುಳಿತಿದ್ದ. ಅಂಗಚ್ಛೇದನದ ಅಭ್ಯಾಸಕ್ಕೆಂದು ತಂದ ಶವದಲ್ಲಿ ಜೀವ ಆಡುತ್ತಿರುವುದನ್ನು ಕಂಡುಕೊಂಡಿದ್ದ ಆ ವಿದ್ಯಾರ್ಥಿಯೇ ಪ್ರಿಟೋರಿಯಸ್. ಅಂದಿನಿಂದ ಶಂಡರ್‌ಸನ್ ಅವನನ್ನು ಬಿಟ್ಟು ಹೋಗಿಲ್ಲ. ಮೊದಲ ದೃಶ್ಯದಲ್ಲಿ ಸತ್ತ ಹುಡುಗಿಯ ಕೂದಲನ್ನು ಅವನೇಕೆ ಅಷ್ಟು ಮೆಲ್ಲಗೆ ಮುಟ್ಟಿದ ಎಂಬುದು ನಮಗೆ ಅರ್ಥವಾಗುವುದು ಈಗ.

ಈ ಪಾತ್ರ ಮಾಡಿದವನು ಸ್ಕಾಟ್ಲೆಂಡಿನ ಫಿನ್ಲೇ ಕರ್ರಿ. 1946ರಲ್ಲಿ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಚಿತ್ರವಾದಾಗ, ಹುಡುಗನೊಬ್ಬನ ಉಪಕಾರವನ್ನು ಜನ್ಮವಿಡೀ ಮರೆಯದ ಕೈದಿ ಮ್ಯಾಗ್‌ವಿಚ್ ಆಗಿದ್ದವನೂ ಇವನೇ.

ಕಥೆ ಕೇಳಿ ಕೋಣೆ ಸ್ತಬ್ಧ. ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಹೊರಡುವಾಗ ಬಾರ್ಕರ್ ಎಲ್‌ವೆಲ್‌ಗೆ, ನೀನು ಚಿಕ್ಕ ಮನುಷ್ಯ, ಅದು ನಿನ್ನ ಎತ್ತರದ ಮಾತಲ್ಲ ಎಂಬರ್ಥದ ನಾಲ್ಕು ಮಾತು ಹೇಳಿ, ತನ್ನ ಆಳೆತ್ತರದ ಪಿಟೀಲು ಬಾರಿಸಲು ಹೋಗುತ್ತಾನೆ.

ವೃಂದ ನುಡಿಸುವುದು ಬ್ರಾಮ್ಸ್‌ನ ‘ಅಕಾಡೆಮಿಕ್ ಫೆಸ್ಟಿವಲ್ ಓವರ್ಚರ್’. ಬ್ರೆಸ್ಲಾವ್ ವಿಶ್ವವಿದ್ಯಾಲಯ 1879ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಾಗ, ಕೃತಜ್ಞತೆಗೆಂದು ಬ್ರಾಮ್ಸ್ ರಚಿಸಿದ್ದು. ಗಂಭೀರವಾದ ಕೃತಿ ಬರುತ್ತದೆಂದು ಕಾದಿದ್ದ ಪಂಡಿತರ ಮುಂದೆ, 1881ರ ಜನವರಿಯಲ್ಲಿ, ವಿದ್ಯಾರ್ಥಿಗಳು ಕುಡಿದು ಕುಣಿಯುವಾಗ ಹಾಡುವ ಹಾಡುಗಳನ್ನೇ ಹೆಣೆದು ನುಡಿಸಿಬಿಟ್ಟ! ಅದರ ಕೊನೆಗೆ ಬರುವುದು ‘ಗಾಡಿಯಾಮಸ್ ಇಗಿಟರ್’ ಎಂಬ ಹಳೆಯ ಲ್ಯಾಟಿನ್ ವಿದ್ಯಾರ್ಥಿಗೀತೆ. ಯೂರೋಪಿನ ಕಾಲೇಜುಗಳಲ್ಲಿ ಪದವಿ ಪ್ರದಾನದ ದಿನ ಈಗಲೂ ಹಾಡುವ ಹಾಡು.

ಅದಕ್ಕೆ ಮೇಳದವರು ದನಿಗೂಡಿಸುವಾಗ ಗ್ರಾಂಟ್ ಎರಡೂ ಕೈ ಎತ್ತಿ ವೃಂದವನ್ನು ನಡೆಸುತ್ತಿರುತ್ತಾನೆ. ಬಾರ್ಕರ್ ಕಣ್ಣರಳಿಸಿ ಕಮಾನು ಎಳೆಯುತ್ತಿರುತ್ತಾನೆ. ಸಭೆಯಲ್ಲಿ ತಂದೆಯ ಪಕ್ಕ ಕುಳಿತ ಡೆಬೊರಾ ಒಮ್ಮೆಲೇ ಬೆಚ್ಚಿ ಹೊಟ್ಟೆಯ ಮೇಲೆ ಕೈಯಿಡುತ್ತಾಳೆ, ಒಳಗಿನ ಕೂಸು ಒದ್ದಿದೆ. ಹೊರಗೆ ಖಾಲಿ ಓಣಿಯಲ್ಲಿ ಎಲ್‌ವೆಲ್ ಒಬ್ಬನೇ ನಡೆದು ಹೋಗುತ್ತಿದ್ದಾನೆ. ಬಾಗಿಲು ಮುಚ್ಚಿದ್ದರೂ ಹಾಡು ಅವನಿಗೆ ಕೇಳಿಸುತ್ತಲೇ ಇದೆ.